ಮನಿಯವ್ರಿಗೊಂದು ಹಾಡು

ಇಳಕಲ್

ಪ್ರೀತಿಯ ಅಂಜನಾ ಮೇಡಂ ಅವರಿಗೆ ನಮಸ್ಕಾರ.

ನಿಮ್ಮ ಕೇಂದ್ರದ ಮೀಡಿಯಂ ವೇವ್ ಪ್ರಸಾರ ನಿಲ್ಲುತ್ತದೆ ಎಂದು ನಿನ್ನೆ ರೇಡಿಯೋದಲ್ಲಿ ಹೇಳುತ್ತ, “ನಮ್ಮನ್ನು ಇನ್ನೂ ಯಾರಾದರೂ ಕೇಳುತ್ತಿದ್ದೀರಾ?” ಎಂದಿರಿ. ನಾವು ಕೇಳುತ್ತಿದ್ದೇವೆ.

ಮೊದಲು ರೈತರಿಗೆ ಸಲಹೆ, ನೇಕಾರರ ಮಾತುಕತೆ, ನಾಟಕ ಬರುತ್ತಿದ್ದವು. ಅಪ್ಪ ಬಾಬಣ್ಣ ಮಗ್ಗದಲ್ಲಿ ಕೂತು ಅವಕ್ಕೆಲ್ಲ ಎದುರುತ್ತರ ಕೊಡುತ್ತಿದ್ದ. ಆಮೇಲೆ ಅವು ಹೋಗಿ, ಫೋನ್ ಮಾಡಿ ಸಿನಿಮಾ ಹಾಡು ಕೇಳುವ ಕಾರ್ಯಕ್ರಮ ಬಂತು. ಅದೇ ವರ್ಷ ಅಪ್ಪ ಕೈಮಗ್ಗ ಮಾರಿ ಪವರ್‌ಲೂಮ್ ಕೆಲಸಕ್ಕೆ ಸೇರಿದ. ಮನೆಯಲ್ಲಿ ಮಾತು ಬಿಟ್ಟ.

ಒಂದು ಮಧ್ಯಾಹ್ನ ಅವ್ವ ರತ್ನಾಬಾಯಿ ನಿಮಗೆ ಫೋನ್ ಹಚ್ಚಿದಳು. ಹಾಡು ಯಾರಿಗೆಂದು ಕೇಳಿದಿರಿ.

“ನಮ್ಮ ಮನಿಯವ್ರಿಗ್ರಿ. ಮಗ್ಗ ಮಾರಿದ ಮ್ಯಾಲೆ ಮಾತಾಡವಲ್ರು. ಒಂದ್ ಹಾಡರ ಕೇಳಲಿ.”

ನೀವು ನಗಲಿಲ್ಲ. ಹೆಸರು ಕೇಳಿಕೊಂಡು, “ಬಾಬಣ್ಣನವರೇ, ಈ ಹಾಡು ನಿಮಗೆ” ಎಂದಷ್ಟೇ ಹೇಳಿದಿರಿ.

ಅಪ್ಪ ಚಹಾದಂಗಡಿಯಲ್ಲಿ ಅದನ್ನು ಕೇಳಿ ನೆಟ್ಟಗೆ ಮನೆಗೆ ಬಂದ.

“ಊರಿಗೆಲ್ಲಾ ಹೇಳೂ ಬದ್ಲಿ ನನಗ ಹೇಳಬಾರದಿತ್ತೇನ?”

“ಎಷ್ಟ್ ಸಲ ಹೇಳೇನಿ. ನಿಮಗ ಇವತ್ತ ಕೇಳಿಸೇತಿ” ಎಂದಳು ಅವ್ವ.

ಅಪ್ಪ ಹೊಸ್ತಿಲ ಮೇಲೇ ಕೂತು ಅತ್ತುಬಿಟ್ಟ. ಮಗ್ಗ ಹೊರಗೆ ಒಯ್ದ ದಿನದ ಸಂಕಟವನ್ನೆಲ್ಲ ಅವ್ವನ ಮುಂದೆ ಹೇಳಿಕೊಂಡ. ಅವಳು ಅಡಿಗೆ ಬಿಟ್ಟು ಪಕ್ಕದಲ್ಲಿ ಕೂತು ಕೇಳಿದಳು. ಅಂದಿನಿಂದ ನಮ್ಮದು ಮತ್ತೆ ಸಂಸಾರವಾಯಿತು.

ಪ್ರಸಾರ ನಿಂತ ಮೇಲೆ ನಿಮಗೆ ಬಿಡುವಾದರೆ, ಒಮ್ಮೆ ಊಟಕ್ಕೆ ಬನ್ನಿ. ನಿಮ್ಮ ಮುಖ ನೋಡಬೇಕೆಂದು ಅವ್ವ ಹಟ ಹಿಡಿದಿದ್ದಾಳೆ. ಹೊರಡುವ ಮುನ್ನ ಲಕೋಟೆಯ ಮೇಲಿನ ನಂಬರಿಗೆ ಫೋನ್ ಮಾಡಿ. ಅಪ್ಪನೇ ಎತ್ತುತ್ತಾನೆ.

ನಿಮ್ಮ ದಾರಿ ನೋಡುವ,
ಶೈಲಶ್ರೀ