ಕಪಾಟಿಗೆ ಹೊಂದದ ಎರಡು ಬೆರಳು

ಮನೆಗಂದಾಯ ವಿಭಾಗದ ಮಾನ್ಯ ಅಧಿಕಾರಿಗಳೇ,

ನನ್ನ ಅಕ್ಕನ ಮನೆಯ ಮುಂಗೋಣೆಗೆ ಈ ತಿಂಗಳ ಕೊನೆಯ ದಿನ ಬೀಗ ಹಾಕುವುದಾಗಿ ನೀವು ನೋಟೀಸು ಅಂಟಿಸಿ ಹೋಗಿದ್ದೀರಿ. ಅದರ ಪ್ರಕಾರ ಅದು ಅಂಗಡಿ, ಅಂಗಡಿಯ ದರದಲ್ಲಿ ತೆರಿಗೆ ಕಟ್ಟದ ಅಂಗಡಿ. ಆ ಅಂಗಡಿಯಲ್ಲಿ ಸದ್ಯಕ್ಕಿರುವ ಸರಕು ಒಂದು ಮಂಚ, ಮೊಣಕಾಲಿಗೆ ಹಚ್ಚುವ ಎಣ್ಣೆಯ ಬಾಟಲಿ, ಗೋಡೆಗೆ ಒರಗಿಸಿದ ಊರುಗೋಲು ಮತ್ತು ಅರವತ್ತೆಂಟು ವರ್ಷದ ನನ್ನ ಅಕ್ಕ. ಬೀದಿಯಿಂದ ಮನೆಯೊಳಗೆ ಹೋಗಲು ಇರುವುದು ಆ ಕೋಣೆಯ ಬಾಗಿಲೊಂದೇ. ಬೀಗ ಹಾಕುವ ಹೊತ್ತಿಗೆ ಅಕ್ಕ ಒಳಗಿರಬೇಕೋ ಹೊರಗಿರಬೇಕೋ ಎಂಬುದನ್ನು ನೋಟೀಸಿನಲ್ಲಿ ತಿಳಿಸಿಲ್ಲ. ಇದನ್ನು ನಿಮ್ಮ ಕೋಣೆಗೆ ಬಂದು ಹೇಳಿಯಾಯಿತು, ಅರ್ಜಿ ಬರೆದೂ ಹೇಳಿಯಾಯಿತು. ಇನ್ನು ಈ ಬಹಿರಂಗ ಪತ್ರದಲ್ಲಿ ನಾಲ್ಕು ಜನರ ಎದುರು ಹೇಳುವುದೊಂದೇ ಉಳಿದಿದೆ.

ನಾನು ಯಾರೆಂದು ನಿಮಗೆ ಚೆನ್ನಾಗಿ ಗೊತ್ತು. ಓದುವವರಿಗೆ ಗೊತ್ತಿರಲಿಕ್ಕಿಲ್ಲ. ನಾನು ಪುಸ್ತಕ ಬೈಂಡು ಮಾಡುವವನು. ಹತ್ತೊಂಬತ್ತು ವರ್ಷಗಳಿಂದ ನಿಮ್ಮ ಕಚೇರಿಯ ರಿಜಿಸ್ಟರುಗಳನ್ನು ಬಿಚ್ಚಿ, ಹೊಲಿದು, ರಟ್ಟು ಕಟ್ಟಿ ಕೊಟ್ಟಿದ್ದೇನೆ. ಈ ಊರಿನ ಯಾವ ಮನೆ ಯಾರದು, ಎಷ್ಟು ಚದರ, ಹೆಂಚೋ ತಾರಸಿಯೋ, ಎಲ್ಲವೂ ನನ್ನ ಮಡಿಲ ಮೇಲೆ ಹಾದು ಹೋಗಿದೆ. ಶಾಲೆಯ ನೋಟ್‌ಬುಕ್ಕು ಹೊಲಿಯುವಾಗ ಬೀಡಿ ಸೇದುತ್ತಿದ್ದ ನಾನು ನಿಮ್ಮ ರಿಜಿಸ್ಟರು ಮುಟ್ಟುವ ಮುಂಚೆ ಕೈ ತೊಳೆದು ಬರುತ್ತಿದ್ದೆ. ಕಚೇರಿಯ ಮೇಲೆ ನನಗೆ ಅಷ್ಟು ನಂಬಿಕೆ ಇತ್ತು.

ಅಕ್ಕನ ಮನೆಯ ಮುಂಗೋಣೆ ಒಂದು ಕಾಲಕ್ಕೆ ಅಂಗಡಿಯೇ ಆಗಿತ್ತು, ಅದನ್ನು ಯಾರೂ ಇಲ್ಲವೆನ್ನುವುದಿಲ್ಲ. ಭಾವ ಅಲ್ಲಿ ಸೈಕಲ್ ರಿಪೇರಿ ಮಾಡುತ್ತಿದ್ದರು. ಹನ್ನೆರಡು ವರ್ಷದ ಹಿಂದೆ ಅವರು ತೀರಿಕೊಂಡ ಮೇಲೆ ಅಕ್ಕ ಪಂಪು, ಪಾನಾ, ಟ್ಯೂಬು ಎಲ್ಲವನ್ನೂ ಬಂದವರಿಗೆ ಕೊಟ್ಟು, ನೆಲದ ಜಿಡ್ಡನ್ನು ಮೂರು ದಿನ ಉಜ್ಜಿ, ಮಂಚ ಹಾಕಿಕೊಂಡಳು. ಆ ವರ್ಷ ನಿಮ್ಮ ಕಚೇರಿಯಿಂದ ಒಬ್ಬ ಇನ್‌ಸ್ಪೆಕ್ಟರು ಬಂದರು. ಕಣ್ಣಾರೆ ನೋಡಿದರು, ಟೇಪು ಹಿಡಿದು ಅಳೆದರು, ಕುಡಿಯಲು ನೀರು ಕೇಳಿದರು. ರಿಜಿಸ್ಟರಿನ ಬಲತುದಿಯಲ್ಲಿ ಷರಾ ಎಂಬ ಕಾಲಂ ಇರುತ್ತದಲ್ಲ, ವಿಶೇಷವೇನಾದರೂ ಇದ್ದರೆ ಬರೆಯುವ ಜಾಗ, ಅಲ್ಲಿ "ಅಂಗಡಿ ಮುಚ್ಚಿದೆ, ಈಗ ವಾಸ" ಎಂದು ಬರೆದು, ಅಕ್ಕನಿಗೆ ಓದಿ ಹೇಳಿ ಹೋದರು. ಅಂದಿನಿಂದ ಅವಳು ವಾಸದ ದರದಲ್ಲಿ ಒಂದು ವರ್ಷವೂ ತಪ್ಪದೆ ತೆರಿಗೆ ಕಟ್ಟಿದ್ದಾಳೆ. ರಸೀದಿಗಳನ್ನು ಭಾವನ ಟೂಲ್ ಪೆಟ್ಟಿಗೆಯಲ್ಲಿ ಇಟ್ಟುಕೊಂಡಿದ್ದಾಳೆ, ಅವುಗಳಿಗೆ ಈಗಲೂ ಗ್ರೀಸಿನ ವಾಸನೆ.

ಹೀಗಿರುವಾಗ ಎರಡು ತಿಂಗಳ ಹಿಂದೆ, ಅಂಗಡಿಯ ದರದಲ್ಲಿ ಬಾಕಿ ಕಟ್ಟಿ ಎಂಬ ಮೊದಲ ನೋಟೀಸು ಬಂತು. ದಾಖಲೆಯಲ್ಲಿ ಏನಿದೆ ಎಂದು ನೋಡಿಬಿಟ್ಟರೆ ಸರಿಹೋಗುತ್ತದೆ ಎಂದು ನಾನೇ ಅಕ್ಕನಿಗೆ ಧೈರ್ಯ ಹೇಳಿದೆ. ನಿಮ್ಮ ಬಾಗಿಲಲ್ಲಿ ಫಲಕವೇ ಇದೆಯಲ್ಲ, ತೆರಿಗೆ ದಾಖಲೆಗಳನ್ನು ಯಾವ ನಾಗರಿಕರಾದರೂ ನೋಡಬಹುದು ಎಂದು. ಫಲಕವನ್ನು ನೋಡಬಹುದು ಎಂಬುದಕ್ಕೆ ನಾನು ಸಾಕ್ಷಿ. ಒಂದನೇ ಕೌಂಟರಿನಲ್ಲಿ ನೋಟೀಸಿನ ಮೇಲಿದ್ದ ಆಸ್ತಿ ಸಂಖ್ಯೆ ಕೊಟ್ಟರೆ ಕಂಪ್ಯೂಟರು "ಮಾಹಿತಿ ಲಭ್ಯವಿಲ್ಲ" ಎಂದಿತು. ಲಭ್ಯವಿಲ್ಲದ ಮನೆಗೆ ನೋಟೀಸು ಹೇಗೆ ದಾರಿ ಕಂಡುಕೊಂಡಿತೋ. ಮೂರನೇ ಕೌಂಟರಿನವರು, ಅದು ಹಳೆಯ ಸಂಖ್ಯೆ, ಈಗ ಎಲ್ಲ ಬದಲಾಗಿದೆ ಎಂದರು.

"ಹೊಸ ನಂಬರ್ ಹೇಳಿ, ದಾಖಲೆ ತೆಗೆದು ಕೊಡ್ತೀನಿ."

"ಹೊಸ ನಂಬರ್ ಎಲ್ಲಿರತ್ತೆ?"

"ದಾಖಲೆಯಲ್ಲೇ ಇರತ್ತೆ."

"ಮತ್ತೆ ಅದನ್ನ ನೋಡೋದು ಹೇಗೆ ಸ್ವಾಮಿ?"

"ಎಲ್ರೂ ಇದನ್ನೇ ಕೇಳ್ತಾರೆ," ಎಂದು ಅವರು ಬೇಸರದಿಂದ ಊಟಕ್ಕೆ ಎದ್ದರು.

ನಾಲ್ಕನೇ ಸಲ ಹೋದಾಗ ತೆರಿಗೆ ನಿರ್ಧರಣೆಯ ಹಾಳೆ ಸಿಕ್ಕಿತು. ವಲಯ, ಗುಣಾಂಕ, ಸವಕಳಿ, ಬಳಕೆಯ ವರ್ಗ ಎಂದು ಹದಿನಾಲ್ಕು ಕಾಲಂ, ಒಂದಕ್ಕೂ ವಿವರಣೆಯಿಲ್ಲ. ಅಕ್ಕ ಕನ್ನಡಕ ಏರಿಸಿ ಓದಿ, "ಸವಕಳಿ ಅಂತ ಹಾಕಿದ್ದಾರಲ್ಲ, ಅದು ಮನೆಗೋ ನನಗೋ ಕೇಳಿಕೊಂಡು ಬಾ," ಎಂದಳು. ಆಗಿನ್ನೂ ಅವಳಿಗೆ ತಮಾಷೆ ಮಾಡುವಷ್ಟು ಉಸಿರಿತ್ತು. ಹದಿನಾಲ್ಕರಲ್ಲಿ ನನಗೆ ಅರ್ಥವಾದದ್ದು ಒಂದೇ. ಬಳಕೆ ಎಂಬಲ್ಲಿ "ಅಂಗಡಿ" ಎಂದಿತ್ತು.

ಮೂರು ವಾರದ ಹಿಂದೆ ನೀವು ವಿಚಾರಣೆಗೆ ಕರೆದಿರಿ. ಅಕ್ಕ ನಿಮ್ಮ ಕಚೇರಿಯ ಮೆಟ್ಟಿಲನ್ನು ಒಂದೊಂದಾಗಿ, ಎರಡೂ ಕಾಲನ್ನು ಒಂದೇ ಮೆಟ್ಟಿಲ ಮೇಲೆ ಕೂಡಿಸಿ ಕೂಡಿಸಿ ಹತ್ತಿದಳು. ನೀವು ಹದಿನೇಳನೇ ರಿಜಿಸ್ಟರು ತರಿಸಿದಿರಿ, ಪುಟ ತೆಗೆದು ನಮ್ಮತ್ತ ತಿರುಗಿಸಿದಿರಿ. ಅಕ್ಕನ ಮನೆಯ ಸಾಲಿನ ಕೊನೆಯಲ್ಲಿ "ಅಂಗಡಿ" ಎಂದಿತ್ತು. ಅದರ ಮುಂದೆ ಏನೂ ಇರಲಿಲ್ಲ, ಪುಟವೇ ಮುಗಿದಿತ್ತು. ಆ ಅಂಚನ್ನು ನೋಡಿದ ಕ್ಷಣ ಗುರುತು ಹಿಡಿದೆ, ಅದನ್ನು ಕತ್ತರಿಸಿದವನು ನಾನು.

ಊರಿನವರು ಈ ಭಾಗವನ್ನು ಗಮನವಿಟ್ಟು ಓದಬೇಕು. ನಾಲ್ಕು ವರ್ಷದ ಹಿಂದೆ ನಿಮ್ಮ ದಾಖಲೆ ಕೋಣೆಗೆ ಹೊಸ ಕಬ್ಬಿಣದ ಕಪಾಟುಗಳು ಬಂದವು. ರಿಜಿಸ್ಟರುಗಳು ಅಗಲವಾಗಿದ್ದರಿಂದ ಎರಡು ಬೆರಳಷ್ಟು ಹೊರಗೆ ಚಾಚಿ, ಕಪಾಟಿನ ಬಾಗಿಲು ಮುಚ್ಚುತ್ತಿರಲಿಲ್ಲ. ಕಪಾಟು ಬದಲಿಸುವುದು ಯಾರಿಗೂ ಹೊಳೆಯಲಿಲ್ಲ. ಮೂವತ್ತೊಂದು ರಿಜಿಸ್ಟರುಗಳನ್ನು ಬಿಚ್ಚಿ, ಅಂಚು ಕತ್ತರಿಸಿ, ಮತ್ತೆ ಬೈಂಡು ಮಾಡಲು ನನಗೆ ಕೊಟ್ಟರು. ಕಟಿಂಗ್ ಮೆಷಿನ್ನಿಗೆ ಇಡುವಾಗ ನೋಡಿದೆ, ಅಂಚಿನಲ್ಲಿ ಬರಹವಿದೆ. ಬ್ಲೇಡು ಇಳಿಸದೆ ನಿಮ್ಮ ಕಚೇರಿಗೆ ನಡೆದು ಬಂದೆ. ದಾಖಲೆ ಕೋಣೆಯ ಗುಮಾಸ್ತರು, "ಷರಾ ಯಾರ್ರೀ ಓದ್ತಾರೆ? ಬಾಗಿಲು ಮುಚ್ಚಬೇಕು, ಅಷ್ಟೇ," ಎಂದರು. ನನಗೆ ಸಮಾಧಾನವಾಗದೆ ನಿಮ್ಮ ಕೋಣೆಗೂ ಬಂದೆ. ಆಗಲೂ ಈ ಕುರ್ಚಿಯಲ್ಲಿ ಇದ್ದವರು ನೀವೇ. ಫೈಲಿನಿಂದ ತಲೆ ಎತ್ತದೆ, "ಅವರು ಹೇಳಿದ ಹಾಗೆ ಮಾಡಿ," ಎಂದಿರಿ. ಕೆಲಸ ಮುಗಿದ ದಿನ ನೀವೇ ಎದ್ದು ಬಂದು ಕಪಾಟಿನ ಬಾಗಿಲನ್ನು ಎರಡು ಸಲ ತೆಗೆದು ಹಾಕಿ ನೋಡಿ, "ಈಗ ನೋಡಿ ಎಷ್ಟು ಒಪ್ಪವಾಗಿದೆ," ಎಂದು ನನ್ನ ಬೆನ್ನು ತಟ್ಟಿದಿರಿ. ಆ ಸಂಜೆ ನಾನು ಮನೆಗೆ ಹೋಗಿ ಅದನ್ನು ಎರಡೆರಡು ಸಲ ಹೇಳಿಕೊಂಡವನು.

ಕಳೆದ ವರ್ಷ ಅದೇ ಮೊಂಡು ರಿಜಿಸ್ಟರುಗಳನ್ನು ನೋಡಿ ಎಲ್ಲವನ್ನೂ ಕಂಪ್ಯೂಟರಿಗೆ ಏರಿಸಿದಿರಿ. ಟೈಪು ಮಾಡಿದವರ ತಪ್ಪೇನು? ಪುಟದಲ್ಲಿ ಉಳಿದದ್ದು ಅಂಗಡಿ. ಮುಚ್ಚಿದ್ದು, ವಾಸವಿದ್ದದ್ದು ಎಲ್ಲ ನನ್ನ ಬ್ಲೇಡಿನ ಆಚೆಗೆ ಹೋಗಿತ್ತು.

ವಿಚಾರಣೆಯ ದಿನ ಇದನ್ನೆಲ್ಲ ಹೇಳಲು ನಾನು ಬಾಯಿ ತೆರೆಯುವ ಮೊದಲೇ ನೀವು ಅಕ್ಕನ ಕಡೆ ತಿರುಗಿ, ಬಹಳ ಮೆತ್ತಗೆ, "ಅಮ್ಮಾ, ಅಂಚು ಹಾಳು ಮಾಡಿದ್ದು ಬೈಂಡಿಂಗ್‌ನವರು. ಕಚೇರಿ ಏನು ಮಾಡಕ್ಕಾಗತ್ತೆ? ನಿಮ್ಮ ಪಕ್ಕದಲ್ಲೇ ಕೂತಿದ್ದಾರಲ್ಲ, ಅವರನ್ನೇ ಕೇಳಿ," ಎಂದಿರಿ. ಲಿಖಿತ ಆದೇಶವಿದೆಯೇ ಎಂದು ನನ್ನನ್ನು ಕೇಳಿದಿರಿ. ಇಲ್ಲ. ಹತ್ತೊಂಬತ್ತು ವರ್ಷ ನಿಮ್ಮ ಬಾಯಿಮಾತೇ ನನಗೆ ಆದೇಶವಾಗಿತ್ತು. ಬೆನ್ನು ತಟ್ಟಿದ್ದಕ್ಕೆ ರಸೀದಿ ಕೇಳಬೇಕು ಎಂದು ಯಾರಿಗೆ ಗೊತ್ತಿರುತ್ತದೆ?

ಅಕ್ಕ ನನ್ನನ್ನು ನೋಡಿದ ರೀತಿಯನ್ನು ನೀವು ಗಮನಿಸಿರಲಾರಿರಿ, ನೀವು ಮುಂದಿನ ಫೈಲು ತೆಗೆದಿದ್ದಿರಿ. ಅಮ್ಮ ಹೋದ ಮೇಲೆ ನನ್ನನ್ನು ಸಾಕಿದವಳು ಅವಳು. ಮೆಟ್ಟಿಲಿಳಿಯುವಾಗ ಕೈ ಕೊಟ್ಟೆ, ಹಿಡಿಯಲಿಲ್ಲ. ಕಂಬಿ ಹಿಡಿದು ಇಳಿದಳು. ಕೆಳಗೆ ಬಂದ ಮೇಲೆ, "ಭಾನುವಾರ ಬರಬೇಡ, ನನಗೆ ಕೆಲಸ ಇದೆ," ಎಂದಳು. ಅವಳಿಗೆ ಭಾನುವಾರ ಯಾವ ಕೆಲಸವೂ ಇರುವುದಿಲ್ಲ, ನಾನು ಹೋಗುವುದೇ ಅವಳ ಕೆಲಸ.

ಈಗ ನಿಮಗೂ ಗೊತ್ತಿಲ್ಲದ ಸಂಗತಿ ಹೇಳುತ್ತೇನೆ. ಆ ಷರಾಗಳು ಎಲ್ಲಿಗೂ ಹೋಗಿಲ್ಲ. ನನಗೆ ಕೆಲಸ ಕಲಿಸಿದ ಚಿಕ್ಕಪ್ಪನದು ಒಂದು ಪದ್ಧತಿ. ಪುಸ್ತಕದಿಂದ ಕತ್ತರಿಸಿದ ಅಂಚನ್ನು ಹೊರಗೆ ಎಸೆಯಬಾರದು, ಬೇರೆ ಪುಸ್ತಕಕ್ಕೂ ಬಳಸಬಾರದು, ಅದೇ ಪುಸ್ತಕದ ರಟ್ಟಿನೊಳಗೆ ಹಾಕಬೇಕು. ಒಂದೇ ಕಾಗದವಾದರೆ ಮಳೆಗಾಲಕ್ಕೂ ಬೇಸಿಗೆಗೂ ಒಟ್ಟಿಗೆ ಉಬ್ಬಿ ಒಟ್ಟಿಗೆ ಇಳಿಯುತ್ತದೆ, ರಟ್ಟು ಸೊಟ್ಟಗಾಗುವುದಿಲ್ಲ ಎನ್ನುತ್ತಿದ್ದರು. ನಾನೂ ಹಾಗೆಯೇ ಮಾಡುತ್ತೇನೆ. ಎರಡು ತೆಳು ರಟ್ಟುಗಳ ನಡುವೆ ಅಂಚಿನ ಪಟ್ಟಿಗಳನ್ನು ಪುಟದ ಕ್ರಮದಲ್ಲೇ ಸಾಲಾಗಿ ಜೋಡಿಸಿ, ಮೈದಾ ಅಂಟು ಹಚ್ಚಿ ಒತ್ತಿಡುತ್ತೇನೆ. ಅಂದರೆ ಹದಿನೇಳನೇ ರಿಜಿಸ್ಟರಿನ ಷರಾಗಳೆಲ್ಲ ಹದಿನೇಳನೇ ರಿಜಿಸ್ಟರಿನ ರಟ್ಟಿನೊಳಗೇ ಇವೆ. ನೀವು ವಿಚಾರಣೆಯ ಉದ್ದಕ್ಕೂ ಮೊಣಕೈ ಊರಿಕೊಂಡಿದ್ದು ಅದರ ಮೇಲೆಯೇ. ಮೈದಾ ಅಂಟು ಉಗುರುಬೆಚ್ಚಗಿನ ನೀರಿಗೆ ಬಿಡುತ್ತದೆ, ಬಾಲ್ ಪೆನ್ನಿನ ಬರಹ ಬಿಡುವುದಿಲ್ಲ. ಪಟ್ಟಿಯನ್ನು ಪುಟದ ಪಕ್ಕದಲ್ಲಿಟ್ಟರೆ ಗೆರೆಗೆ ಗೆರೆ ಕೂಡುತ್ತದೆ.

ಈ ಮಾತನ್ನು ಹದಿನೈದು ದಿನದ ಹಿಂದೆ ಅರ್ಜಿಯಲ್ಲಿ ಬರೆದುಕೊಟ್ಟೆ. ಉತ್ತರ ಬಂದಿದೆ, ಒಂದೇ ಸಾಲು. ರಿಜಿಸ್ಟರಿನ ರಟ್ಟು ಬಿಚ್ಚುವುದು ಸರ್ಕಾರಿ ದಾಖಲೆಯನ್ನು ವಿರೂಪಗೊಳಿಸಿದಂತೆ, ಅದಕ್ಕೆ ಅವಕಾಶವಿಲ್ಲ. ಇದನ್ನು ಓದಿ ನಾನು ನಕ್ಕೆ, ಆಮೇಲೆ ನನ್ನ ಬೈಂಡಿಂಗ್ ಅಂಗಡಿಯ ಬಾಗಿಲು ಎಳೆದುಕೊಂಡು ಅತ್ತೆ. ಮೂವತ್ತೊಂದು ರಿಜಿಸ್ಟರುಗಳ ಅಂಚು ಕತ್ತರಿಸಿದಾಗ ವಿರೂಪವಾಗದ ದಾಖಲೆ, ಒಂದು ರಟ್ಟು ನೆನೆಸಿದರೆ ವಿರೂಪವಾಗಿಬಿಡುತ್ತದೆಯೇ? ಕಪಾಟಿನ ಬಾಗಿಲು ಮುಚ್ಚಲೆಂದು ಪುಟ ಕತ್ತರಿಸಬಹುದು, ಒಬ್ಬಳ ಮನೆಬಾಗಿಲು ಮುಚ್ಚದಿರಲೆಂದು ರಟ್ಟು ಬಿಚ್ಚಬಾರದು, ಅಲ್ಲವೇ?

ಆದ್ದರಿಂದ ಬೇಡಿಕೆ ಸರಳವಾಗಿದೆ. ಬೀಗದ ನೋಟೀಸನ್ನು ಇವತ್ತೇ ತಡೆಹಿಡಿಯಿರಿ. ಸಾರ್ವಜನಿಕರು ಕಾಯುವ ನಿಮ್ಮ ಹಾಲಿನಲ್ಲಿ ಒಂದು ಮೇಜು, ಒಂದು ಪಾತ್ರೆ ಬೆಚ್ಚಗಿನ ನೀರು ಕೊಡಿ. ಹದಿನೇಳನೇ ರಿಜಿಸ್ಟರಿನಲ್ಲಿ ಮನೆಯಿರುವ ಯಾರು ಬೇಕಾದರೂ ಬಂದು ನಿಂತು ನೋಡಲಿ, ನಾನು ರಟ್ಟು ಬಿಚ್ಚುತ್ತೇನೆ. ಆಮೇಲೆ ಉಳಿದ ಮೂವತ್ತು. ಕೂಲಿ ಬೇಡ. ಪಟ್ಟಿಗಳನ್ನು ಪುಟಕ್ಕೆ ಮರಳಿ ಅಂಟಿಸಿ, ಅಂಚು ಕತ್ತರಿಸಲು ಹೇಳಿದವರು ಯಾರು ಎಂಬುದನ್ನೂ ಮೊದಲ ಪುಟದಲ್ಲಿ ಬರೆಯಿರಿ. ಕಪಾಟಿನ ಬಾಗಿಲು ಮುಚ್ಚದಿದ್ದರೆ ತೆರೆದೇ ಇರಲಿ, ನಿಮ್ಮ ಫಲಕ ಹೇಳುವುದೂ ಅದನ್ನೇ.

ಒಂದು ಮಾತು ಉಳಿಯಿತು. ಮೊನ್ನೆ ಅಕ್ಕ ಬರಬೇಡ ಎಂದಿದ್ದರೂ ಹೋದೆ. ರಟ್ಟಿನ ವಿಷಯ ಹೇಳಿದೆ. ಅವಳು ಮಂಚದ ಮೇಲೆ ಕುಳಿತು ಪೂರ್ತಿ ಕೇಳಿಸಿಕೊಂಡಳು.

"ಅಂಟು ಹಚ್ಚುವಾಗ ಆ ಪಟ್ಟಿಗಳನ್ನ ಓದಿದ್ದೆಯಾ?"

"ಹೂಂ. ಒಂದೊಂದನ್ನ ಓದ್ತಿದ್ದೆ. ಗೋಡೆ ಬಿದ್ದಿದೆ, ಮಾಲೀಕರು ತೀರಿಕೊಂಡಿದ್ದಾರೆ, ಹೀಗೆ. ಹೊತ್ತು ಹೋಗ್ತಿತ್ತು. ನಿನ್ನದೂ ಇದೆ ಅಂತ ಗೊತ್ತಿರಲಿಲ್ಲ ಅಕ್ಕಾ."

"ಬೇರೆಯವರದು ಅಂತ ಗೊತ್ತಿತ್ತಲ್ಲ."

ಆಮೇಲೆ ಅವಳೇ, "ಅವರಿಗೆ ಪತ್ರ ಬರೀತೀಯಲ್ಲ, ಅದನ್ನೂ ಬರಿ," ಎಂದಳು. ಬರೆದಿದ್ದೇನೆ. ಓದಿದ್ದೆ, ಕತ್ತರಿಸಬಾರದೆಂದು ಗೊತ್ತಿತ್ತು, ಆದರೂ ಕತ್ತರಿಸಿದೆ. ನನ್ನ ಪಾಲಿನದನ್ನು ನಾನು ಊರಿನೆದುರು ಒಪ್ಪಿಕೊಂಡಾಯಿತು. ನಿಮ್ಮ ಕಚೇರಿಗೆ ತಲುಪಿಸಿದ ಪ್ರತಿಯ ಬಲಕ್ಕೆ ಎರಡು ಬೆರಳಷ್ಟು ಜಾಗ ಖಾಲಿ ಬಿಟ್ಟಿದ್ದೇನೆ. ನಿಮ್ಮದನ್ನು ಅಲ್ಲಿ ಬರೆಯಿರಿ.

ಇಂತಿ,
ಹೇಳಿದಷ್ಟೂ ಕತ್ತರಿಸಿ, ಕತ್ತರಿಸಿದ್ದನ್ನೆಲ್ಲ ನಿಮ್ಮ ರಟ್ಟಿನೊಳಗೇ ಇಟ್ಟು ಕೊಟ್ಟ
ನಿಮ್ಮ ಹಳೆಯ ಬೈಂಡರ್