ನಾಲ್ಕನೇ ಮಹಡಿಯ ಜಾಲರಿ ಬಾಗಿಲು

ಬ್ಯೂನಸ್ ಐರಿಸ್
20 ಆಗಸ್ಟ್ 1996

ಪ್ರೀತಿಯ ನೊಯೆಮಿ,

ನಿನ್ನ ಕಾಗದಕ್ಕೂ ಕ್ಯಾಸೆಟ್ಟಿಗೂ ಇಷ್ಟು ತಡವಾಗಿ ಉತ್ತರ ಬರೆಯುತ್ತಿದ್ದೇನೆ, ಬೇಜಾರು ಮಾಡಿಕೊಳ್ಳಬೇಡ. ಮಂಡಿನೋವು ಕಾರಣವಲ್ಲ, ಸಿಟ್ಟು ಕಾರಣ. ಮೊದಲು ಬರೆದ ಹಾಳೆಗಳನ್ನು ಹರಿದುಹಾಕಿದೆ. ಇದರಲ್ಲೂ ಸಿಟ್ಟಿದೆ, ಆದರೆ ಅಕ್ಷರ ನೆಟ್ಟಗಿದೆ. ಮೆಕ್ಸಿಕೋದ ಊಟ ಖಾರ ಎಂದು ಬರೆದಿದ್ದೀಯ. ಖಾರಕ್ಕೆ ನೀರು ಕುಡಿಯಬೇಡ, ಬ್ರೆಡ್ ತಿನ್ನು.

ಇಲ್ಲಿ ಚಳಿ ಜೋರಾಗಿದೆ. ಕಟ್ಟಡದ ಬಾಯ್ಲರ್ ಮತ್ತೆ ಕೆಟ್ಟಿದೆ. ಕಾವಲುಗಾರ ಬಾಸಿಲಿಯೊ ಅದನ್ನು ಬೈಯುವುದರಲ್ಲೇ ಮೈ ಬೆಚ್ಚಗೆ ಮಾಡಿಕೊಳ್ಳುತ್ತಾನೆ.

ಆ ಸಿನಿಮಾಕ್ಕೆ ನೀನು ಮಾಡಿಕೊಟ್ಟ ಮೊದಲ ಭಾಗವನ್ನು, ಹೆಸರುಗಳು ಬರುವ ಭಾಗವನ್ನು, ಐದನೇ ಮಹಡಿಯ ಎರ್ಮಿನಿಯಾಳ ಮನೆಯಲ್ಲಿ ನೋಡಿದೆ. ಬಾಸಿಲಿಯೊನನ್ನೂ ಕರೆದಿದ್ದಳು. ಪರದೆಯ ಮೇಲೆ ನಮ್ಮ ಹಳೇ ಲಿಫ್ಟು ಕಂಡಾಗ ಇಬ್ಬರೂ ನಕ್ಕರು. "ನಮ್ಮ ಲಿಫ್ಟೂ ನಟಿ ಆಯ್ತು ನೋಡಿ, ಇನ್ನು ಮೇಲೆ ಸಂಬಳ ಕೇಳತ್ತೆ," ಎಂದ ಬಾಸಿಲಿಯೊ. ಅದು ನಾಲ್ಕನೇ ಮಹಡಿಯಲ್ಲಿ, ನಮ್ಮ ಬಾಗಿಲ ಮುಂದೆ, ಜಾಲರಿ ತೆರೆದುಕೊಂಡು ಸುಮ್ಮನೆ ನಿಂತಿದೆ. ಒಳಗೆ ಯಾರೂ ಇಲ್ಲ. ಸಂಗೀತವಿಲ್ಲ. ಜಾಲರಿಯ ಕಂಬಿಗಳ ನಡುವೆ ಒಂದು ಹೆಸರು ಬರುತ್ತದೆ, ಹೋಗುತ್ತದೆ. ಆಮೇಲೆ ಕೆಳಗಿನಿಂದ ಯಾರೋ ಗುಂಡಿ ಒತ್ತಿದ ಸದ್ದು. ಇನ್ನೊಂದು ಹೆಸರು. ಮತ್ತೆ ಗುಂಡಿ. ಅಷ್ಟೇ.

ಎರ್ಮಿನಿಯಾ ಬಾಯಿಗೆ ಹಾಕಿಕೊಂಡ ಬಿಸ್ಕತ್ತನ್ನು ಅಗಿಯುವುದು ನಿಲ್ಲಿಸಿದಳು.

"ಯಾಕೆ ಕೂಗ್ತಿಲ್ಲ ಈ ಮಾರಾಯ?" ಎಂದ ಬಾಸಿಲಿಯೊ.

ಈ ಊರಲ್ಲಿ ಮೇಲೆ ಯಾರಾದರೂ ಜಾಲರಿ ಮುಚ್ಚದೆ ಹೋದರೆ ಲಿಫ್ಟು ಅಲ್ಲಾಡುವುದಿಲ್ಲ. ಕೆಳಗೆ ನಿಂತವರು "ಬಾಗಿಲೂ" ಎಂದು ಇಡೀ ಕಟ್ಟಡಕ್ಕೆ ಕೇಳುವಂತೆ ಕೂಗುತ್ತಾರೆ, ಜೊತೆಗೆ ನಾಲ್ಕು ಬೈಗುಳ. ನಿನ್ನ ಸಿನಿಮಾದಲ್ಲಿ ಕೆಳಗಿರುವವನು ಕೂಗುವುದಿಲ್ಲ. ಒತ್ತುತ್ತಾನೆ, ಕಾಯುತ್ತಾನೆ.

"ಅವನು ಈ ಕಟ್ಟಡದವನಲ್ಲ," ಎಂದಳು ಎರ್ಮಿನಿಯಾ, ತುಂಬ ಮೆಲ್ಲಗೆ. ಆಮೇಲೆ ಯಾರೂ ನಗಲಿಲ್ಲ.

ಕೊನೆಗೆ ಒಂದು ಎಳೆಯ ಕೈ ಬರುತ್ತದೆ, ಬರಿಗೈ. ಜಾಲರಿಯನ್ನು ಮೆಲ್ಲಗೆ ಎಳೆದು ಮುಚ್ಚುತ್ತದೆ. ಖಾಲಿ ಲಿಫ್ಟು ಕೆಳಗಿಳಿಯಲು ಶುರುವಾಗುತ್ತದೆ. ಆಗ ಸಿನಿಮಾದ ಹೆಸರು. ರಕ್ತವಿಲ್ಲ, ಚಾಕುವಿಲ್ಲ. ಒಬ್ಬ ಒಳ್ಳೆಯ ಹುಡುಗ ಬಾಗಿಲು ಮುಚ್ಚಿದ, ಅಷ್ಟಕ್ಕೇ ನಮ್ಮ ಜೀವ ಬಾಯಿಗೆ ಬಂತು. ಮುಂದಿನ ಕಥೆ ಹೇಗಾದರೂ ಇರಲಿ, ಇದನ್ನು ಮಾಡಿದವಳು ನನ್ನ ಮಗಳು ಎಂದು ಎರ್ಮಿನಿಯಾಳಿಗೆ ಎರಡು ಸಲ ಹೇಳಿದೆ. ಅವಳಿಗೆ ಗೊತ್ತಿದ್ದ ವಿಷಯವೇ, ಆದರೂ ಹೇಳಿದೆ.

ಹೀಗಿರುವಾಗ ನೀನು ಏನು ಬರೆದಿದ್ದೀಯ? ನಿರ್ಮಾಪಕ ಒಲ್ಮೆದೊಗೆ ಆ ಕೈ ಅರ್ಥವಾಗಲಿಲ್ಲವಂತೆ. ಅದರ ಬದಲು ಕರೀ ಕೈಗವಸು ತೊಟ್ಟ ಕೊಲೆಗಾರನ ಕೈ ಬೇಕಂತೆ, ಹಿಂದಿನಿಂದ ನಗಾರಿ ಬೇಕಂತೆ. "ಹೋಗಲಿ ಅಮ್ಮಾ, ಒಂದು ಕೈ ತಾನೆ, ಒಪ್ಪಿಕೊಳ್ತೀನಿ," ಎಂದು ನೀನು.

ಕಳೆದ ಗುರುವಾರ ಅವನೇ ಆ ಕೈಗವಸಿನ ಕೈಯನ್ನು ನಮ್ಮ ಲಿಫ್ಟಿನಲ್ಲಿ ಚಿತ್ರಿಸಲು ಕ್ಯಾಮೆರಾದವರನ್ನು ಕರೆದುಕೊಂಡು ಇಲ್ಲಿಗೆ ಬಂದ. ಬರುವ ಸುದ್ದಿ ಬಾಸಿಲಿಯೊ ಮೊದಲೇ ಮುಟ್ಟಿಸಿದ್ದ. ನಾಲ್ಕನೇ ಮಹಡಿಯ ಜಾಲರಿ ತೆರೆದಿಟ್ಟು, ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ಹೆಣಿಗೆ ಹಿಡಿದು ಕೂತೆ. ಕೆಳಗಿನಿಂದ ಬಾಸಿಲಿಯೊ "ಬಾಗಿಲೂ" ಎಂದು ಕೂಗಿದ, ಕೂಗುವುದು ಅವನ ಕೆಲಸ. ನಾನು ಹೆಣೆಯುತ್ತಲೇ ಇದ್ದೆ. ಒಲ್ಮೆದೊ ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತ ಬಂದ.

"ಬಾಗಿಲು ಮುಚ್ಚೋದು ಮರ್ತೀರಿ ಅಂತ ಕಾಣತ್ತೆ, ದೋನ್ಯಾ ಎಡೆಲ್ಮಿರಾ."

"ಮರೆವಿನ ವಯಸ್ಸು ನನಗಿನ್ನೂ ಬಂದಿಲ್ಲ. ಕೂತ್ಕೊಳ್ಳಿ, ಮೆಟ್ಟಿಲ ಮೇಲೆ ಬೇಕಾದಷ್ಟು ಜಾಗ ಇದೆ."

ಕೂತ. ಕೆಟ್ಟವನಲ್ಲ, ಅವಸರದವನು. "ನೋಡಿ, ಜನಕ್ಕೆ ಭಯ ಆಗ್ಬೇಕು. ಕೈಗವಸು ಕಂಡ ತಕ್ಷಣ ಭಯ ಆಗತ್ತೆ," ಎಂದ.

"ಇದು ಆಗಸ್ಟಿನ ಚಳಿ ಸ್ವಾಮಿ. ಕೆಳಗೆ ಬೀದಿಗೆ ಹೋಗಿ, ಎಲ್ಲರ ಕೈಲೂ ಕೈಗವಸಿದೆ. ಯಾರಿಗೆ ಹೆದರ್ತೀರಿ?"

"ಆದ್ರೆ ಆ ಹುಡುಗ ಯಾರು ಅಂತಾನೇ ತಿಳಿಯಲ್ವಲ್ಲ."

"ಅವನು ಏನು ಮಾಡ್ದ ಅಂತ ಅವನಿಗೂ ತಿಳಿಯಲ್ಲ. ನಮಗೆ ತಿಳಿಯತ್ತೆ. ಅದಕ್ಕೇ ಭಯ."

ಅವನು ಪ್ಯಾಂಟಿನ ಧೂಳು ಕೊಡವಿದ. ಕೊನೆಗೆ, "ನಿಮ್ಮ ಮಗಳು ಬೇಡ ಅಂದ್ರೆ ನಾನು ಮುಟ್ಟಲ್ಲ. ಆದ್ರೆ ಅವರು ಫೋನಲ್ಲಿ ಹೂಂ ಅಂದಿದಾರೆ," ಎಂದು ಎದ್ದ. ಕ್ಯಾಮೆರಾದವರು ಏನೂ ಚಿತ್ರಿಸದೆ ಬಂದ ದಾರಿಯಲ್ಲೇ ಹೋದರು. ಕಡೆಯ ಮಾತು ನಿನ್ನ ನಾಲಿಗೆಯಲ್ಲಿದೆ.

ನಿನಗೆ ನೆನಪಿದೆ, ಮಿಲಿಟರಿ ಆಳ್ವಿಕೆಯ ಆ ಕೆಟ್ಟ ವರ್ಷಗಳಲ್ಲಿ ದಿನಾ ಸಂಜೆ ನಾನು ಜಾಲರಿ ತೆರೆದೇ ಇಡುತ್ತಿದ್ದೆ. ಮನೆ ಮನೆಗೆ ನುಗ್ಗಿ ಮಕ್ಕಳನ್ನು ಎತ್ತಿಕೊಂಡು ಹೋಗುವವರು ಬಂದರೆ ಮೆಟ್ಟಿಲು ಹತ್ತಿಯೇ ಬರಲಿ, ಬೂಟಿನ ಸದ್ದು ಮೊದಲು ಬರಲಿ, ಅಷ್ಟರೊಳಗೆ ನಿನ್ನಣ್ಣ ಲೆಯಾಂದ್ರೊ ತಾರಸಿ ದಾಟಿ ಹೋಗಲಿ ಎಂದು. ಕಟ್ಟಡದವರೆಲ್ಲ ನನ್ನನ್ನು ಬೈದರು, ಮೀಟಿಂಗ್ ಕರೆದರು. "ನಿಮಗೆ ಕಾಲಿಲ್ವಾ, ಹತ್ತಿ," ಎಂದೆ. ಒಂದು ಸಂಜೆ ಯಾರೋ ಮುಚ್ಚಿದರು, ಅವರು ಲಿಫ್ಟಿನಲ್ಲಿ ಸದ್ದಿಲ್ಲದೆ ಬಂದರು, ಅವನನ್ನು ಕರೆದೊಯ್ದರು. ನೀನು ಅವತ್ತು ಚಿಕ್ಕಮ್ಮನ ಮನೆಯಲ್ಲಿದ್ದೆ. ಇವತ್ತಿಗೂ ಅವನ ಸುದ್ದಿಯಿಲ್ಲ.

ಒಲ್ಮೆದೊಗೆ ಫೋನ್ ಮಾಡಿ ಬೇಡ ಎನ್ನು. ಕೆಲಸದಿಂದ ತೆಗೆದರೆ ಬಾ, ನಿನ್ನ ಹಾಸಿಗೆ ಇದೆ, ಸೂಪು ಇದೆ. ತಲೆ ತಗ್ಗಿಸುವುದನ್ನು ಮಾತ್ರ ನಾನು ನಿನಗೆ ಕಲಿಸಿಲ್ಲ.

ದೇವರು ನಿನ್ನ ಕಣ್ಣನ್ನೂ ಕೈಯನ್ನೂ ಕಾಯಲಿ. ಕುತ್ತಿಗೆಗೆ ಉಣ್ಣೆ ಸುತ್ತಿಕೋ.

ನಿನ್ನ ಅಮ್ಮ,
ಎಡೆಲ್ಮಿರಾ

ಮತ್ತೆ ಬರೆಯುತ್ತಿದ್ದೇನೆ: ಲಕೋಟೆ ಅಂಟಿಸಿ, ಬಿಚ್ಚಿದೆ. ಯಾರೋ ಮುಚ್ಚಿದರು ಎಂದು ನಿನಗೆ ಯಾವಾಗಲೂ ಹೇಳಿದ್ದೇನೆ. ಯಾರೋ ಅಲ್ಲ ಮಗಳೇ. ಅವತ್ತು ಲೆಯಾಂದ್ರೊ ಬ್ರೆಡ್ ತರಲು ಹೋಗಿದ್ದ. ಮೆಟ್ಟಿಲು ಹತ್ತಿ ವಾಪಸು ಬಂದವನು ಜಾಲರಿ ತೆರೆದಿರುವುದನ್ನು ಕಂಡ, ಮುಚ್ಚಿದ. ಯಾಕೆ ತೆರೆದಿದೆ ಎಂದು ಅವನಿಗೆ ಚೆನ್ನಾಗಿ ಗೊತ್ತಿತ್ತು, ಆದರೂ ಕೈ ಕೇಳಲಿಲ್ಲ. ಹಿಂದೆ ಬರುವವರಿಗೆ ತೊಂದರೆಯಾಗಬಾರದು, ಬಾಗಿಲು ಮುಚ್ಚಬೇಕು ಎಂದು ಕೂಸಾಗಿದ್ದಾಗಿನಿಂದ ನಾನೇ ಕಲಿಸಿದ್ದೆ. ಮುಚ್ಚಿದ ಸದ್ದು ಅಡುಗೆಮನೆಗೆ ಕೇಳಿತು. ನಾನು ಕೈ ಒರೆಸಿಕೊಂಡು ಬರುವಷ್ಟರಲ್ಲಿ ಖಾಲಿ ಲಿಫ್ಟು ಕೆಳಗಿಳಿಯುತ್ತಿತ್ತು. ಮಗನಿಗೆ ಮರ್ಯಾದೆ ಕಲಿಸಿದ್ದಕ್ಕೆ ನಾನು ಯಾವತ್ತೂ ಪಶ್ಚಾತ್ತಾಪ ಪಟ್ಟಿಲ್ಲ, ಪಡುವುದೂ ಇಲ್ಲ. ನಾಚಿಕೆ ಆ ಲಿಫ್ಟು ಹತ್ತಿ ಬಂದವರಿಗಿರಲಿ. ಆ ಕೈ ನಿನ್ನಣ್ಣನದು. ಅದಕ್ಕೆ ಕೊಲೆಗಾರನ ಕೈಗವಸು ತೊಡಿಸಲು ನಾನು ಬಿಡುವುದಿಲ್ಲ.