ಎರಡು ಪಾನ್ ಒಟ್ಟಿಗೆ

೧೨ ಆಗಸ್ಟ್, ಮಂಗಳವಾರ. ಹೊಳೆನರಸೀಪುರ.

ಇವತ್ತು ನಾನು ಮಾಡಿದ್ದು ಸರಿಯೋ ತಪ್ಪೋ, ಇನ್ನೂ ತಲೆ ತಿನ್ನುತ್ತಿದೆ. ಪಿ.ಟಿ. ಮೇಷ್ಟ್ರು ಅಂತ ತಾಲ್ಲೂಕುಮಟ್ಟದ ಚೆಸ್‌ಗೂ ನನ್ನನ್ನೇ ತೀರ್ಪುಗಾರ ಮಾಡಿ ಕೂರಿಸಿದ್ದರು. ಕಬಡ್ಡಿ ಆಗಿದ್ದರೆ ಸೀಟಿ ಊದಿ ಮುಗಿಸುತ್ತಿದ್ದೆ.

ಹುಡುಗಿಯರ ವಿಭಾಗಕ್ಕೆ ಬಂದವರೇ ಇಬ್ಬರು, ಹಾಗಾಗಿ ಮೊದಲ ಆಟವೇ ಫೈನಲ್. ಹಳ್ಳಿಮೈಸೂರಿನ ಅನುಶ್ರೀ ಶುರುವಿನಲ್ಲೇ ಎರಡು ಪಾನ್, ಅಂದರೆ ಕಾಲಾಳು, ಒಟ್ಟಿಗೆ ಮುಂದಿಟ್ಟಳು. ನಿಯಮದ ಪುಸ್ತಕದಲ್ಲಿ ಒಂದು ಸಲಕ್ಕೆ ಒಂದೇ. ತಪ್ಪು ಅನ್ನೋಣ ಅಂತ ಬಾಯಿ ತೆರೆಯುವಷ್ಟರಲ್ಲಿ ಎದುರು ಕೂತಿದ್ದ ನಿಧಿಯೂ ಎರಡು ಪಾನ್ ಇಟ್ಟಳು. ಇಬ್ಬರ ಮುಖದಲ್ಲೂ ಒಂದಿಷ್ಟೂ ಅನುಮಾನವಿಲ್ಲ. ನಮ್ಮಪ್ಪ ಜಗಲಿ ಮೇಲೆ ನನಗೆ ಕಲಿಸಿದ್ದೂ ಹೀಗೇ. ತೆರೆದ ಬಾಯಿಯನ್ನು ಆಕಳಿಸಿದ ಹಾಗೆ ಮಾಡಿ ಮುಚ್ಚಿಕೊಂಡೆ.

ಚೆನ್ನಾಗಿ ಆಡಿದವು ಮಕ್ಕಳು. ಅನುಶ್ರೀ ಗೆದ್ದಳು. ಆದರೆ ಮುಂದಿನ ವಾರ ಹಾಸನದಲ್ಲಿ ಜಿಲ್ಲಾಮಟ್ಟ, ಅಲ್ಲಿ ಯಾವ ತೀರ್ಪುಗಾರನೂ ಆಕಳಿಸಲ್ಲ. ಬಸ್ ಹತ್ತುವ ಮುಂಚೆ ಅವಳನ್ನು ಕರೆದು ಹೇಳಿದೆ.

“ಹಾಸನದಲ್ಲಿ ಶುರುವಿಗೂ ಒಂದೇ ಪಾನ್ ಕಣಮ್ಮ. ಎರಡು ಇಟ್ಟರೆ ತಪ್ಪು.”

ನನ್ನನ್ನೇ ಪಾಪ ಅನ್ನುವ ಹಾಗೆ ನೋಡಿದಳು.

“ಒಂದೊಂದೇ ಇಟ್ಕೊಂಡು ಕೂತಿರ್ತಾರಾ ಸಾ? ಅಲ್ಲಿಯವ್ರಿಗೆ ಬೇರೆ ಕೆಲ್ಸ ಇಲ್ವಾ?”